ಮಗಳು ಐದು ತಿಂಗಳು ಕೂತು ಓದಿದ ರೀಡಿಂಗ್ ರೂಮ್

ಕಲಬುರಗಿಯ ಸೇಡಂ ರಸ್ತೆ ಕಡೆ ಇರುವ ಒಂದು ರೀಡಿಂಗ್ ರೂಮ್‌ನಲ್ಲಿ ನನ್ನ ಮಗಳು ನವೆಂಬರ್‌ನಿಂದ ಮಾರ್ಚ್‌ವರೆಗೆ ಕೂತು ಸೆಕೆಂಡ್ ಪಿಯುಸಿಗೆ ಓದಿದಳು. ಹೆಸರು ಹಾಕುವುದಿಲ್ಲ. ಒಳ್ಳೆಯದೂ ಇದೆ, ಹೊಟ್ಟೆ ಉರಿದದ್ದೂ ಇದೆ. ಈಗ ಸೀಟು ಹುಡುಕುವವರು ಎಸಿ ಇದೆಯಾ, ವೈಫೈ ಇದೆಯಾ ಅಂತ ಮಾತ್ರ ಕೇಳುತ್ತಾರೆ. ನಾನೂ ಅಷ್ಟೇ ಕೇಳಿದ್ದೆ.

ಅದನ್ನು ಮೊದಲೇ ಹೇಳಿಬಿಡುತ್ತೇನೆ. ತಿಂಗಳಿಗೆ 900 ರೂಪಾಯಿ. ಎಸಿ ಇದೆ, ಕರೆಂಟ್ ಹೋದರೆ ಇನ್ವರ್ಟರ್‌ನಲ್ಲಿ ಫ್ಯಾನು, ಲೈಟು ಮಾತ್ರ. ಹುಡುಗಿಯರಿಗೆ ಬೇರೆ ಬಾತ್‌ರೂಮ್, ಸ್ವಚ್ಛವಾಗಿದೆ. ಶರಣಬಸವೇಶ್ವರ ಜಾತ್ರೆ ಬರುವುದು ಹೋಳಿ ಆದಮೇಲೆ, ಸರಿಯಾಗಿ ಪರೀಕ್ಷೆ ಹೊತ್ತಿಗೇ. ಆಗಲೂ ಒಳಗೆ ಸದ್ದಿರಲಿಲ್ಲ.

ಕ್ಯಾಬಿನ್‌ಗೆ ಮೂರು ಕಡೆ ಪ್ಲೈವುಡ್. ಅವಳ ಎದುರಿನ ಹಲಗೆ ಮೇಲೆ ಹಿಂದೆ ಕೂತವರು ಯಾರೋ ಪೆನ್ಸಿಲ್‌ನಲ್ಲಿ ದಿನ ಎಣಿಸಿದ್ದಾರೆ. ಐದೈದು ಗೆರೆಯ ಗುಂಪು, ಮೂವತ್ತೆಂಟಕ್ಕೆ ನಿಂತಿದೆ.

ಜನವರಿಯಲ್ಲಿ ಒಂದು ದಿನ ಅವಳ ಫಿಸಿಕ್ಸ್ ಪುಸ್ತಕ ತೆಗೆದರೆ ಹಾಳೆಗಳ ನಡುವೆ ಕೂದಲು. ಉದುರಿದ್ದಲ್ಲ, ಬುಡಸಮೇತ ಕಿತ್ತಿದ್ದು. ನೋಡಿದರೆ ಬಲಗಿವಿಯ ಹಿಂದೆ ನಾಣ್ಯದಷ್ಟು ಜಾಗ ಬೋಳಾಗಿತ್ತು. ಚಿಕ್ಕಂದಿನಿಂದ ನಾನೇ ಜಡೆ ಹಾಕುತ್ತಿದ್ದೆ, ದೊಡ್ಡವಳಾದಳು, ಅವಳೇ ಹಾಕಿಕೊಳ್ಳಲಿ ಅಂತ ಕಳೆದ ವರ್ಷವಷ್ಟೇ ಬಿಟ್ಟಿದ್ದೆ. "ಅವ್ವಾ, ಓದುವಾಗ ಕೈ ತಾನೇ ಅಲ್ಲಿಗೆ ಹೋಗ್ತದ" ಅಂದಳು.

ಮರುದಿನ ರೂಮಿನ ಒಳಗೆ ಹೋಗಿ ನೋಡಿದೆ. ಗಡಿಯಾರದ ಕೆಳಗೆ ಒಂದು ಪೇಪರ್ ಕಟಿಂಗ್, 2025ರ ಎಸ್ಸೆಸ್ಸೆಲ್ಸಿ ಫಲಿತಾಂಶದ್ದು. ಶೇ. 91.12 ತೆಗೆದ ದಕ್ಷಿಣ ಕನ್ನಡ ಎಲ್ಲಕ್ಕಿಂತ ಮೇಲೆ, ಶೇ. 42.43ರ ನಮ್ಮ ಕಲಬುರಗಿ ಎಲ್ಲಕ್ಕಿಂತ ಕೆಳಗೆ, ಅದಕ್ಕೆ ಕೆಂಪು ಪೆನ್ನಿನ ಸುತ್ತು. ಪಕ್ಕದಲ್ಲೇ ವಾರದ ಟೆಸ್ಟ್ ಮಾರ್ಕ್ಸ್, ಹೆಸರು ಸಮೇತ. ಹುಡುಗರಿಗೆ ಹುರುಪು ಬರಲಿ ಅಂತ ಹಾಕಿದ್ದಾರಂತೆ. ಸಾಕಷ್ಟು ಮೇಷ್ಟ್ರಿಲ್ಲದ ಶಾಲೆಗಳು ನಮ್ಮ ಭಾಗದಲ್ಲಿ ಎಷ್ಟಿವೆ, ಆ ಲೆಕ್ಕವನ್ನೆಲ್ಲ ಹದಿನೇಳರ ಹುಡುಗಿಯ ತಲೆಗೆ ಕಟ್ಟಿದರೆ ಹುರುಪು ಎಲ್ಲಿಂದ ಬರುತ್ತದೆ? 2024ರಿಂದ ಪಿಯುಸಿಗೆ ಒಂದೇ ವರ್ಷ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇವೆ, ಯಾವುದರಲ್ಲಿ ಜಾಸ್ತಿ ಮಾರ್ಕ್ಸ್ ಬಂತೋ ಅದನ್ನೇ ಉಳಿಸಿಕೊಳ್ಳಬಹುದು. ಆ ಗೋಡೆ ಮೇಲೆ ಬರೆಯಬೇಕಾಗಿದ್ದು ಇದು, ಅಲ್ವಾ? ನನ್ನ ಮಗಳಿಗೆ ಅದು ಗೊತ್ತಿತ್ತು, ಆದರೂ ಮಾರ್ಚ್ ದಾಟಿದರೆ ಎಲ್ಲ ಮುಗೀತು ಅಂತಲೇ ನಂಬಿದ್ದಳು.

ಇನ್ನು ಒಳ್ಳೆಯದು. ಹಗಲು ನೋಡಿಕೊಳ್ಳುವ ಒಬ್ಬರು ಇದ್ದಾರೆ, ಹುಡುಗರೆಲ್ಲ ಕಾಕಾ ಅನ್ನುತ್ತಾರೆ. ಸಂಜೆ ಆರಾದರೆ ಸಾಕು, ಒಂದೊಂದೇ ಕ್ಯಾಬಿನ್ ತಟ್ಟಿ "ನಡೀರಿ, ಹೊರಗ ಹೋಗಿ ಗಾಳಿ ತಗೊಂಡು ಬರ್ರಿ" ಅಂತ ಅರ್ಧ ಗಂಟೆ ಎಲ್ಲರನ್ನೂ ಎಬ್ಬಿಸುತ್ತಾರೆ, ಯಾರು ಬೇಡ ಅಂದರೂ ಬಿಡುವುದಿಲ್ಲ. ಮಕ್ಕಳು ಗಾಡಿ ಹತ್ತಿರ ನಿಂತು ಸೂಸಲ, ಮಿರ್ಚಿ ತಿಂದು ನಗುತ್ತಾ ವಾಪಸ್ ಬರುತ್ತಾರೆ. ಇದಕ್ಕೆ ಫೀಸ್ ಇಲ್ಲ, ಬೋರ್ಡಿನಲ್ಲೂ ಬರೆದಿಲ್ಲ. ಕೂದಲಿನ ವಿಷಯವೂ ಅವರ ಕಣ್ಣಿಗೆ ಬಿದ್ದಿತ್ತು. "ಅಕ್ಕಾರೇ, ಹುಡುಗಿ ಭಾಳ ಒದ್ದಾಡ್ತದ, ಬೈಬ್ಯಾಡ್ರಿ" ಅಂದರು.

ಆ ರಾತ್ರಿ 14416ಕ್ಕೆ ಫೋನ್ ಮಾಡಿದೆವು. ಟೆಲಿ ಮಾನಸ್ ಅಂತ, 2022ರ ಅಕ್ಟೋಬರ್‌ನಲ್ಲಿ ಸರ್ಕಾರ ಶುರು ಮಾಡಿದ್ದು. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ನಾನು ಎರಡು ಮಾತಾಡಿ ಫೋನ್ ಮಗಳ ಕೈಗೆ ಕೊಟ್ಟು ಅಡುಗೆಮನೆಗೆ ಬಂದೆ. ಇಪ್ಪತ್ತು ನಿಮಿಷ ಮಾತಾಡಿದಳು, ಅತ್ತಳು, ಆಮೇಲೆ ಬಂದು ರೊಟ್ಟಿ ಕೇಳಿದಳು. ಅವರು ಹೇಳಿದ ಹಾಗೆ ಚರ್ಮದ ಡಾಕ್ಟರಿಗೂ ತೋರಿಸಿದೆವು. ಜಡೆ ಈಗ ಮತ್ತೆ ನಾನೇ ಹಾಕುತ್ತೇನೆ.

ಮಾಲೀಕರ ಹತ್ತಿರ ಕೂತು ಹೇಳಿದ ಮೇಲೆ ಹೆಸರಿನ ಪಟ್ಟಿ ತೆಗೆದರು. ಪೇಪರ್ ಕಟಿಂಗ್ ಇನ್ನೂ ಅಲ್ಲೇ ಇದೆ, ಹೋದಾಗಲೆಲ್ಲ ಕೇಳುತ್ತಿದ್ದೇನೆ. ಮುಂದಿನ ವರ್ಷಕ್ಕೆ ತಂಗಿಯ ಮಗನಿಗೂ ಇಲ್ಲೇ ಸೀಟು ಹಿಡಿದಿದ್ದೇನೆ, ಕಾಕಾ ಇರುವ ಹಗಲಿನ ಪಾಳಿ, ಕಿಟಕಿ ಪಕ್ಕದ್ದು.