ಮುಂಬೈ ಗೋರಾಯಿಯ 10 ದಿನದ ವಿಪಶ್ಯನ ಧ್ಯಾನ ಶಿಬಿರ: ಕೆಲಸಕ್ಕೆ ಹೋಗುವವರು ಇದಕ್ಕಾಗಿ ರಜೆ ಹಾಕಬಹುದಾ?

ಹಾಕಬಹುದು. ಏಳೆಂಟು ವರ್ಷ ಒಂದೇ ಓಟದಲ್ಲಿ ಕೆಲಸ ಮಾಡಿ, ಮುಂದೇನು ಅಂತ ಹೊಳೆಯದೆ, ರಾತ್ರಿ ಹನ್ನೊಂದಕ್ಕೂ ಆಫೀಸಿನ ಮೇಲ್ ನೋಡಿಕೊಂಡೇ ಮಲಗುವವರು ನೀವಾಗಿದ್ದರೆ ಖಂಡಿತ ಹಾಕಿ. ಆದರೆ ಪ್ರಮೋಷನ್ ಸಿಗಲಿ ಅಂತ ಮಾತ್ರ ಹೋಗಬೇಡಿ.

ಜಾಗದ ಬಗ್ಗೆ ಮೊದಲು. ಬೊರಿವಲಿ ಪಶ್ಚಿಮದಿಂದ ಗೋರಾಯಿ ಜೆಟ್ಟಿಗೆ ಬಸ್ಸೋ ರಿಕ್ಷಾನೋ ಹಿಡಿದು, ಅಲ್ಲಿಂದ ದೋಣಿಯಲ್ಲಿ ಖಾಡಿ ದಾಟಬೇಕು. ಮೀರಾ ರೋಡ್, ಭಾಯಂದರ್ ಕಡೆಯವರಿಗೆ ಉತ್ತನ್ ಮೂಲಕ ರಸ್ತೆಯೂ ಇದೆ. ಚಿನ್ನದ ಬಣ್ಣದ ಗ್ಲೋಬಲ್ ವಿಪಶ್ಯನ ಪಗೋಡಾ ದೂರದಿಂದಲೇ ಕಾಣುತ್ತದೆ. 2009ರಲ್ಲಿ ಆಗಿನ ರಾಷ್ಟ್ರಪತಿ ಪ್ರತಿಭಾ ಪಾಟೀಲ್ ಇದನ್ನು ಉದ್ಘಾಟಿಸಿದರು. ಒಳಗೆ 8000 ಜನ ಕೂರಬಹುದು, ನಡುವೆ ಒಂದೂ ಕಂಬವಿಲ್ಲ, ಕಲ್ಲಿಗೆ ಕಲ್ಲು ಕಚ್ಚಿಸಿಯೇ ಗುಮ್ಮಟ ಎಬ್ಬಿಸಿದ್ದಾರೆ. ಇದೇ ಆವರಣದಲ್ಲಿ ಧಮ್ಮ ಪತ್ತನ ಅನ್ನುವ ಶಿಬಿರ ಕೇಂದ್ರ ಇದೆ. ಕಂಪನಿಗಳಲ್ಲಿ ಕೆಲಸ ಮಾಡುವವರಿಗೆ ಅಂತಲೇ ಎಕ್ಸಿಕ್ಯೂಟಿವ್ ಕೋರ್ಸ್‌ಗಳೂ ಇಲ್ಲಿ ನಡೆಯುತ್ತವೆ.

ಹಣ? ಕೇಳುವುದಿಲ್ಲ. ಊಟಕ್ಕಿಲ್ಲ, ವಸತಿಗಿಲ್ಲ, ಕಲಿಸುವುದಕ್ಕೂ ಇಲ್ಲ. ಒಂದು ಶಿಬಿರ ಪೂರ್ತಿ ಮುಗಿಸಿದವರಿಂದ ಮಾತ್ರ ದಾನ ತೆಗೆದುಕೊಳ್ಳುತ್ತಾರೆ, ಅದೂ ಕೊಡುವ ಮನಸ್ಸಿದ್ದರೆ. ಎರಡು ಗಂಟೆಯ ವರ್ಕ್‌ಶಾಪಿಗೂ ಸಾವಿರಗಟ್ಟಲೆ ಬಿಲ್ ಮಾಡುವ ಈ ಊರಿನಲ್ಲಿ ಇದು ನನಗೆ ತುಂಬಾ ದೊಡ್ಡ ವಿಷಯ. ನನಗಿಂತ ಮೊದಲು ಕೂತು ಹೋದ ಯಾರೋ ಕೊಟ್ಟ ದುಡ್ಡಿನಲ್ಲಿ ನಾನು ಊಟ ಮಾಡಿದ್ದೇನೆ.

ನಿಜವಾದ ಖರ್ಚು ರಜೆಯದ್ದು. ಬರುವ ಹೋಗುವ ದಿನ ಸೇರಿಸಿದರೆ 12 ದಿನ. ಮುಂಬೈ ಕನ್ನಡಿಗರಿಗೆ ಅಷ್ಟು ರಜೆ ಅಂದರೆ ಊರಿನ ಜಾತ್ರೆ, ಕೋಲ, ತಂಗಿಯ ಮದುವೆ ಎಲ್ಲ ಅದರೊಳಗೇ ಬಂತು. ಅಲ್ಲದೆ ನಮ್ಮ ಹಿಂದಿನ ತಲೆಮಾರಿನ ಎಷ್ಟೋ ಜನ ಇಲ್ಲಿಗೆ ಬಂದು ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿ ಕನ್ನಡ ಶಾಲೆಯಲ್ಲಿ ಓದಿ, ಆಮೇಲೆ ಬ್ಯಾಂಕು, ಕಚೇರಿ ಸೇರಿದವರು. ಅಂಥ ಮನೆಗಳಲ್ಲಿ ಸುಮ್ನೆ ಕೂತು ಬರುತ್ತೇನೆ ಅಂತ ಹೇಳುವುದು ಸುಲಭವಲ್ಲ. ನಮ್ಮ ಮನೆಯಲ್ಲೂ ಕೇಳಿದರು, ಏನಾಗಿದೆ ನಿನಗೆ, ಆರೋಗ್ಯ ಸರಿ ಇದೆ ಅಲ್ವಾ ಅಂತ. ಸರ್ಕಾರಿ ನೌಕರರಿಗೆ ಒಂದು ಅನುಕೂಲ ಇದೆ, ಮಹಾರಾಷ್ಟ್ರ ಸರ್ಕಾರ ಈ ಶಿಬಿರಕ್ಕೆ ರಜೆ ಕೊಡುತ್ತದೆ. ಖಾಸಗಿ ಕಂಪನಿಯವರು ಮ್ಯಾನೇಜರ್ ಜೊತೆ ಮಾತಾಡಿಯೇ ಹೊರಡಬೇಕು. ನಡುವೆ ಫೋನ್ ಸಿಗುವುದಿಲ್ಲ, ಹಾಗಾಗಿ ಕೆಲಸ ಪೂರ್ತಿ ಬೇರೆಯವರಿಗೆ ಒಪ್ಪಿಸಿ ಹೋಗಿ.

ಬೆಳಗ್ಗೆ 4ಕ್ಕೆ ಗಂಟೆ ಹೊಡೆಯುತ್ತದೆ. ರಾತ್ರಿ 9.30ಕ್ಕೆ ದೀಪ ಆರುತ್ತದೆ. ನಡುವೆ ಸುಮಾರು 10 ಗಂಟೆ ಧ್ಯಾನ. ಮಾತಿಲ್ಲ, ಓದುವಂತಿಲ್ಲ, ಬರೆಯುವಂತಿಲ್ಲ. 11ಕ್ಕೆ ಊಟ, ಸಂಜೆ 5ಕ್ಕೆ ಹೊಸಬರಿಗೆ ಚಹಾ, ಹಣ್ಣು, ಆಮೇಲೆ ಏನೂ ಇಲ್ಲ. ಮೊದಲ ಮೂರು ದಿನ ಮೂಗಿನ ಹತ್ತಿರ ಉಸಿರು ಬಂದು ಹೋಗುವುದನ್ನು ಗಮನಿಸುವುದಷ್ಟೇ ಕೆಲಸ. ನಾಲ್ಕನೇ ದಿನದಿಂದ ವಿಪಶ್ಯನ, ಅಂದರೆ ತಲೆಯಿಂದ ಪಾದದವರೆಗೆ ಮೈಯಲ್ಲಿ ಎಲ್ಲಿ ಏನು ಆಗುತ್ತಿದೆ ಅಂತ ನೋಡುತ್ತಾ ಹೋಗುವುದು. ಆಮೇಲೆ ದಿನಕ್ಕೆ ಮೂರು ಸಲ ಒಂದೊಂದು ಗಂಟೆ ಕೈಕಾಲು ಅಲುಗಿಸದೆ, ಕಣ್ಣು ತೆರೆಯದೆ ಕೂರಬೇಕು.

ಮಧ್ಯಾಹ್ನ 2.30ರ ಆ ಒಂದು ಗಂಟೆಯ ಬಗ್ಗೆ ಹೇಳಲೇಬೇಕು. ಎಡ ಮಂಡಿ ಉರಿಯತೊಡಗುತ್ತದೆ. ಅದೇ ಹೊತ್ತಿಗೆ ತಲೆಯೊಳಗೆ ಕ್ಲೈಂಟಿಗೆ ಮೇಲ್ ಬರೆಯುವುದು ಶುರು. ವಾಕ್ಯ ತಿದ್ದುತ್ತೇನೆ, ಇನ್ನೂ ಖಾರ ಮಾಡುತ್ತೇನೆ, ಯಾರಿಗೆಲ್ಲ ಕಾಪಿ ಹಾಕಬೇಕು ಅಂತಲೂ ಲೆಕ್ಕ ಹಾಕುತ್ತೇನೆ. ಮತ್ತೆ ಮೈ ಕಡೆಗೆ ಗಮನ ತಂದರೆ ದವಡೆ ಬಿಗಿದಿದೆ, ಕಿವಿ ಬಿಸಿಯಾಗಿದೆ. ಮಂಡಿ ನೋವು ಕಾಲಿನದ್ದು ಸರಿ, ಈ ಬಿಸಿ ಬಂದದ್ದು ಬರೆದೇ ಇಲ್ಲದ ಆ ಇ-ಮೇಲ್‌ನಿಂದ! ಸ್ವಲ್ಪ ಹೊತ್ತು ಸುಮ್ಮನೆ ನೋಡಿದರೆ ಎರಡೂ ಬದಲಾಗುತ್ತವೆ. ಇದನ್ನು ಯಾರು ಎಷ್ಟು ಬಾಯಲ್ಲಿ ಹೇಳಿದ್ದರೂ ನನಗೆ ಹತ್ತುತ್ತಿರಲಿಲ್ಲ.

ಈ ಪದ್ಧತಿ ಆಫೀಸಿಗೆ ಹೋಗುವವರಿಗೆ ಹೊಂದುತ್ತದೆ ಅನ್ನುವುದಕ್ಕೆ ಅದರ ಇತಿಹಾಸವೇ ಸಾಕು. ಭಾರತದಲ್ಲಿ ಈ ಶಿಬಿರಗಳನ್ನು ಶುರು ಮಾಡಿದ ಸತ್ಯನಾರಾಯಣ ಗೋಯೆಂಕಾ ಅವರಿಗೆ ಕಲಿಸಿದ ಸಯಾಜಿ ಊ ಬಾ ಖಿನ್ ಸನ್ಯಾಸಿ ಆಗಿರಲಿಲ್ಲ. 1948ರಲ್ಲಿ ಬರ್ಮಾ ಸ್ವತಂತ್ರವಾದಾಗ ಅದರ ಮೊದಲ ಅಕೌಂಟೆಂಟ್ ಜನರಲ್ ಆದವರು. ಫೈಲುಗಳ ನಡುವೆಯೇ ತಮ್ಮ ಕಚೇರಿಯಲ್ಲಿ ನೌಕರರಿಗೆ ಧ್ಯಾನ ಕಲಿಸಿದರು. ಗೋಯೆಂಕಾ ಈ ಗುರುಗಳ ಹತ್ತಿರ ಹೋದದ್ದು ತೀವ್ರ ಮೈಗ್ರೇನ್ ತಡೆಯಲಾಗದೆ. ಬರೀ ತಲೆನೋವು ಹೋಗಲಿ ಅಂತ ಬಂದಿದ್ದರೆ ಕಲಿಸುವುದಿಲ್ಲ ಅಂತ ಗುರುಗಳು ಮೊದಲು ವಾಪಸ್ ಕಳಿಸಿದರಂತೆ. ಪ್ರಮೋಷನ್‌ಗಾಗಿ ಹೋಗಬೇಡಿ ಅಂತ ನಾನು ಹೇಳಿದ್ದೂ ಇದೇ ಕಾರಣಕ್ಕೆ. ಗೋಯೆಂಕಾ 1969ರಲ್ಲಿ ಭಾರತಕ್ಕೆ ಬಂದು, ಮೊದಲ ಶಿಬಿರ ನಡೆಸಿದ್ದು ಮುಂಬೈಯಲ್ಲೇ.

ವಾಪಸ್ ಬಂದ ಮೇಲೆ ಆಫೀಸಿನಲ್ಲಿ ಏನಾಯಿತು? ಸಂಬಳ ಜಾಸ್ತಿ ಆಗಲಿಲ್ಲ. ಆದರೆ ಎಸ್ಕಲೇಷನ್ ಮೇಲ್, ಅಂದರೆ ಮೇಲಧಿಕಾರಿಗಳವರೆಗೂ ಹೋದ ದೂರಿನ ಮೇಲ್ ಬಂದಾಗ ಕಿವಿ ಬಿಸಿಯಾಗುವುದು ಈಗ ನನಗೆ ತಕ್ಷಣ ಗೊತ್ತಾಗುತ್ತದೆ, ಉತ್ತರ ಬೆಳಗ್ಗೆ ಬರೆಯುತ್ತೇನೆ. ಅಪ್ರೈಸಲ್ ಮೀಟಿಂಗಿನಲ್ಲಿ ಟೀಮ್ ಬದಲಾಯಿಸಿ ಕೊಡಿ ಅಂತ ಗಂಟಲು ಒಣಗದೆ ಕೇಳಿದೆ, ಕಾರಣಗಳನ್ನೂ ಒಂದೊಂದಾಗಿ ಹೇಳಿದೆ. ಕೆಲಸದಲ್ಲಿ ಮೇಲೆ ಬರುವುದಕ್ಕೆ ಕೋರ್ಸ್, ಸರ್ಟಿಫಿಕೇಟ್ ಎಲ್ಲ ಬೇಕು, ನಿಜ. ಆದರೆ ಒತ್ತಡ ಬಿದ್ದಾಗ ತಲೆ ನೆಟ್ಟಗಿರುವುದಕ್ಕೆ ಬೇರೆಯೇ ತಯಾರಿ ಬೇಕು.

ಎಲ್ಲರಿಗೂ ಇದು ಆಗಿಬರುವುದಿಲ್ಲ. ಗಂಭೀರ ಮಾನಸಿಕ ಕಾಯಿಲೆಗೆ ಚಿಕಿತ್ಸೆ ತೆಗೆದುಕೊಳ್ಳುತ್ತಿರುವವರು ಮೊದಲು ಡಾಕ್ಟರ ಹತ್ತಿರ ಮಾತಾಡಬೇಕು, ಅರ್ಜಿಯಲ್ಲೂ ಮುಚ್ಚಿಡದೆ ಬರೆಯಬೇಕು. ವಾದ, ಚರ್ಚೆ ಇಷ್ಟಪಡುವವರಿಗೂ ಕಷ್ಟ. ಪಾಠವೆಲ್ಲ ಗೋಯೆಂಕಾ ಅವರ ರೆಕಾರ್ಡಿಂಗಿನಲ್ಲೇ ನಡೆಯುತ್ತದೆ, ಎದುರಿಗೆ ಕೂತ ಆಚಾರ್ಯರು ಕೇಳಿದ್ದಕ್ಕಷ್ಟೇ ಚುಟುಕಾಗಿ ಉತ್ತರ ಕೊಡುತ್ತಾರೆ. ಮುಗಿದ ಮೇಲೆ ಬೆಳಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಕೂರಿ ಅನ್ನುತ್ತಾರೆ. ದೂರದ ಡೊಂಬಿವಿಲಿಯಿಂದ ಲೋಕಲ್ ರೈಲು ಹಿಡಿಯುವವರಿಗೆ ಎರಡೂ ಹೊತ್ತು ಆಗುವ ಮಾತಲ್ಲ. ನಾನು ಬೆಳಗಿನದ್ದನ್ನು ಬಿಟ್ಟಿಲ್ಲ, ಸಂಜೆಯದ್ದು ಆದಾಗ ಆಯಿತು.

10 ದಿನ ಜಾಸ್ತಿ ಅನಿಸಿದರೆ ಒಂದು ಭಾನುವಾರ ಮನೆಯವರನ್ನೂ ಕರೆದುಕೊಂಡು ಪಗೋಡಾ ನೋಡಲು ಹೋಗಿ. ಸುಮ್ಮನೆ ನೋಡಲು ಬಂದವರಿಗೂ ಅಲ್ಲಿ ಸುಮಾರು 20 ನಿಮಿಷ ಉಸಿರಿನ ಧ್ಯಾನ ಹೇಳಿಕೊಡುತ್ತಾರೆ, ಅದಕ್ಕೂ ಹಣವಿಲ್ಲ. ಪುಣೆಯವರಿಗೆ ಸ್ವಾರಗೇಟ್ ಹತ್ತಿರ ಧಮ್ಮ ಪುಣ್ಣ, ಆಳಂದಿ ಕಡೆ ಮರ್ಕಳ್‌ನಲ್ಲಿ ಧಮ್ಮಾನಂದ ಇವೆ. ಊರಿಗೆ ಹೋದಾಗಲೇ ಕೂರುತ್ತೇನೆ ಅನ್ನುವವರಿಗೆ ಬೆಂಗಳೂರಿನ ಹತ್ತಿರ ಆಲೂರಿನ ಧಮ್ಮ ಪಫುಲ್ಲ ಇದೆ. ಅರ್ಜಿ ಆನ್‌ಲೈನಿನಲ್ಲೇ ಹಾಕಬೇಕು, ಸೀಟು ಬೇಗ ತುಂಬುತ್ತದೆ. ಹಾಗಾಗಿ ರಜೆ ಮಂಜೂರಾಗಲಿ ಅಂತ ಕಾಯದೆ ಮೊದಲು ಅರ್ಜಿ ಹಾಕಿ, ಸೀಟು ಖಚಿತವಾದ ಕೂಡಲೇ ರಜೆ ಕೇಳಿ.