ಅಂತರ್ಜನ್ಯ ಬೆಳವಣಿಗೆ ಸಿದ್ಧಾಂತ: ರೋಮರ್ ಮಾದರಿಯೋ, ಅಘಿಯಾನ್–ಹೋವಿಟ್ ಮಾದರಿಯೋ?

ಅರ್ಥಶಾಸ್ತ್ರಜ್ಞ ರಾಬರ್ಟ್ ಸೋಲೋ ಅವರ 1956ರ ಆರ್ಥಿಕ ಬೆಳವಣಿಗೆಯ ಮಾದರಿಯಲ್ಲಿ, ದೀರ್ಘಾವಧಿಯ ತಲಾ ಆದಾಯದ ಬೆಳವಣಿಗೆಯನ್ನು ನಿರ್ಧರಿಸುವ ತಂತ್ರಜ್ಞಾನವು ಮಾದರಿ ವಿವರಿಸದಂತೆ ಹೊರಗಿನಿಂದ ಬರುತ್ತಿತ್ತು. ತಂತ್ರಜ್ಞಾನವು ಆರ್ಥಿಕತೆಯೊಳಗೇ ಹುಟ್ಟುವ ಬಗೆಯನ್ನು ವಿವರಿಸಲು ಹೊರಟ ‘ಅಂತರ್ಜನ್ಯ’ ಮಾದರಿಗಳಲ್ಲಿ, ಪಾಲ್ ರೋಮರ್ 1990ರಲ್ಲಿ ಮಂಡಿಸಿದ್ದು ಮತ್ತು ಫಿಲಿಪ್ ಅಘಿಯಾನ್ ಹಾಗೂ ಪೀಟರ್ ಹೋವಿಟ್ 1992ರಲ್ಲಿ ಮಂಡಿಸಿದ್ದು ಅಧ್ಯಯನಕ್ಕೆ ತೊಡಗುವವರ ಮುಂದಿರುವ ಮುಖ್ಯ ಆಯ್ಕೆಗಳು.

ರೋಮರ್ ಮಾದರಿಯಲ್ಲಿ ಸಂಶೋಧನೆಯು ಹೊಸ ಬಗೆಯ ಸಲಕರಣೆಗಳನ್ನು ಸೇರಿಸುತ್ತ ಹೋಗುತ್ತದೆ, ಹಳೆಯವು ಅಳಿಯುವುದಿಲ್ಲ. ಒಂದು ವಿನ್ಯಾಸವನ್ನು ಒಬ್ಬರು ಬಳಸಿದರೆ ಇನ್ನೊಬ್ಬರಿಗೆ ಅದು ಕಡಿಮೆಯಾಗದು ಎಂಬ ಗುಣದಿಂದ ಹೊರಟು, ಪೇಟೆಂಟಿನಂಥ ಏಕಸ್ವಾಮ್ಯದ ಲಾಭವಿಲ್ಲದೆ ಖಾಸಗಿ ಸಂಶೋಧನೆ ನಡೆಯದೆಂಬುದನ್ನೂ, ಆ ಲಾಭವಿದ್ದರೂ ಮಾರುಕಟ್ಟೆಯಲ್ಲಿ ಸಂಶೋಧನೆ ಸಮಾಜಕ್ಕೆ ಬೇಕಾದಷ್ಟು ಆಗದೆಂಬುದನ್ನೂ ಅವರು ತೋರಿಸಿದ್ದು ಈ ಕ್ಷೇತ್ರದ ಅತ್ಯಂತ ಸುಂದರ ವಾದವೆಂದು ನನ್ನ ಭಾವನೆ.

ಅಘಿಯಾನ್–ಹೋವಿಟ್ ಮಾದರಿಯಲ್ಲಿ ಹೊಸ ಆವಿಷ್ಕಾರವು ಹಳೆಯದನ್ನು ಹೊರದೂಡಿ ಅದರ ಲಾಭವನ್ನು ಕಸಿಯುತ್ತದೆ. ಹಳಬರಿಗಾಗುವ ಈ ನಷ್ಟವನ್ನು ಹೊಸಬರು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲವಾದ್ದರಿಂದ ಸಂಶೋಧನೆ ಅತಿಯಾಗುವ ಸಾಧ್ಯತೆಯೂ ಉಂಟು. ಸ್ಪರ್ಧೆ, ಕಂಪನಿಗಳ ಏಳುಬೀಳು ನಿಮ್ಮ ಪ್ರಶ್ನೆಗಳಾದರೆ ಇದನ್ನೇ ಆರಿಸಿಕೊಳ್ಳಿ. ಜ್ಞಾನದ ಸ್ವರೂಪವೇ ಮುಖ್ಯವಾದರೆ ರೋಮರ್ ಅವರಿಂದ ಆರಂಭಿಸಿ. ಸಂಶೋಧಕರು ಹೆಚ್ಚಿದಂತೆ ಬೆಳವಣಿಗೆಯ ದರವೂ ಏರಬೇಕೆಂಬುದು ಎರಡೂ ಮಾದರಿಗಳ ನಿರೀಕ್ಷೆ. ಆದ್ದರಿಂದ ಯಾವುದನ್ನು ಹಿಡಿದರೂ, ಸಂಶೋಧಕರ ಸಂಖ್ಯೆ ಹಲವು ಪಟ್ಟು ಹೆಚ್ಚಿದರೂ ಅಮೆರಿಕದ ಬೆಳವಣಿಗೆಯ ದರ ಅದಕ್ಕೆ ತಕ್ಕಂತೆ ಏರಲಿಲ್ಲವೆಂಬ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಜೋನ್ಸ್ ಅವರ 1995ರ ಆಕ್ಷೇಪವನ್ನು ಜೊತೆಗೇ ಓದಬೇಕು.