ಮಿದುಳಿನ ಸಂಪರ್ಕ ಅಳೆಯಲು ಯಾವ ಸ್ಕ್ಯಾನರ್, ಯಾವ ಕಾಯಿಲ್?

ಮಿದುಳಿನ ಭಾಗಗಳ ನಡುವಿನ ಸಂಪರ್ಕವನ್ನು ಅಳೆಯುವ ಕೆಲಸಕ್ಕೆ 3 ಟೆಸ್ಲಾ (ಅಯಸ್ಕಾಂತದ ಬಲದ ಅಳತೆ) ಎಂಆರ್‌ಐ ಯಂತ್ರವೇ ಸರಿ, ಅದರಲ್ಲಿಯೂ 20 ಚಾನೆಲ್‌ನ ಹೆಡ್ ಕಾಯಿಲ್ (ತಲೆಯ ಸುತ್ತ ಕೂತು, ಹಲವು ಚಾನೆಲ್‌ಗಳ ಮೂಲಕ ಸಂಕೇತ ಹಿಡಿಯುವ ಸಾಧನ) ಸರಿ ಎಂಬ ನಿರ್ಧಾರಕ್ಕೆ ನಾನು ಬಂದದ್ದು ಒಂದು ವರ್ಷದ ಶ್ರಮವನ್ನೂ ಕೈಯಿಂದ ಹಾಕಿದ ಹಣವನ್ನೂ ಕಳೆದುಕೊಂಡ ಮೇಲೆ. ಸಕ್ಕರೆ ಕಾಯಿಲೆ ಇರುವ ಹಿರಿಯರ ನೆನಪಿನ ಶಕ್ತಿಯನ್ನು ಕುರಿತ ಅಧ್ಯಯನಕ್ಕಾಗಿ, ದೂರ ಪ್ರಯಾಣ ಮಾಡಲಾಗದ 12 ರೋಗಿಗಳನ್ನು ಕಲಬುರಗಿಯ ಒಂದು ಸ್ಕ್ಯಾನಿಂಗ್ ಸೆಂಟರಿನ 1.5 ಟೆಸ್ಲಾ, 8 ಚಾನೆಲ್ ಯಂತ್ರದಲ್ಲಿ ಸ್ಕ್ಯಾನ್ ಮಾಡಿಸಿದೆ. ಅದೇ ವಯಸ್ಸಿನ 12 ಆರೋಗ್ಯವಂತರನ್ನು ಹೈದರಾಬಾದಿಗೆ ಕರೆದೊಯ್ದು 3 ಟೆಸ್ಲಾ, 32 ಚಾನೆಲ್ ಯಂತ್ರದಲ್ಲಿ ಮಾಡಿಸಿದೆ. ರೋಗಿಗಳಲ್ಲಿ ಸಂಪರ್ಕ ಸ್ಪಷ್ಟವಾಗಿ ಕಡಿಮೆ ಕಂಡಿತು. ಅನುಮಾನ ಬಂದು ಮೂವರು ಆರೋಗ್ಯವಂತರನ್ನು ಕಲಬುರಗಿಯ ಯಂತ್ರದಲ್ಲಿಯೂ ಮಲಗಿಸಿ ನೋಡಿದಾಗ, ಆ ಮೂವರ ಸಂಪರ್ಕವೂ ಅಷ್ಟೇ ತಗ್ಗಿತು. ನಾನು ಅಳೆದದ್ದು ಕಾಯಿಲೆಯನ್ನಲ್ಲ, ಯಂತ್ರವನ್ನು. ಬೇರೆ ಬೇರೆ ಯಂತ್ರಗಳ ದತ್ತಾಂಶವನ್ನು ಹೊಂದಿಸುವ ಕಾಂಬ್ಯಾಟ್‌ನಂಥ ಸಂಖ್ಯಾಶಾಸ್ತ್ರೀಯ ವಿಧಾನಗಳಿವೆ, ನಿಜ. ಆದರೆ ರೋಗಿಗಳೆಲ್ಲ ಒಂದು ಯಂತ್ರದಲ್ಲಿ, ಉಳಿದವರೆಲ್ಲ ಇನ್ನೊಂದರಲ್ಲಿ ಇದ್ದಾಗ ಯಾವ ವಿಧಾನವೂ ಕಾಯಿಲೆಯ ಪ್ರಭಾವವನ್ನೂ ಯಂತ್ರದ ಪ್ರಭಾವವನ್ನೂ ಬಿಡಿಸಿ ತೋರಿಸಲಾರದು.

ಯಂತ್ರ ಬದಲಾದರೆ ಸಂಪರ್ಕದ ಅಳತೆಯೂ ಬದಲಾಗಲು ಕಾರಣ ಸರಳವಾಗಿದೆ. ರಕ್ತದ ಆಮ್ಲಜನಕದ ಏರಿಳಿತದಿಂದ ಎಂಆರ್‌ಐ ಸಂಕೇತ ಬದಲಾಗುತ್ತದೆ ಎಂಬುದನ್ನು 1990ರಲ್ಲಿ ಸೇಜಿ ಒಗಾವಾ ತೋರಿಸಿದರು. ಸುಮ್ಮನೆ ಮಲಗಿದ್ದಾಗಲೂ ಎಡ ಮತ್ತು ಬಲ ಚಲನಾ ಪ್ರದೇಶಗಳ ಏರಿಳಿತ ಒಂದಕ್ಕೊಂದು ಹೊಂದಿ ನಡೆಯುತ್ತದೆ ಎಂಬುದನ್ನು 1995ರಲ್ಲಿ ಭರತ್ ಬಿಸ್ವಾಲ್ ಮತ್ತು ಸಂಗಡಿಗರು ತೋರಿಸಿದರು. ನಾವು ಸಂಪರ್ಕ ಎಂದು ಕರೆಯುವುದು ಈ ಹೊಂದಾಣಿಕೆಯನ್ನೇ. ಏರಿಳಿತ ಬಹಳ ಸಣ್ಣದು; ಅದರ ಮೇಲೆ ಯಂತ್ರದ ಗದ್ದಲ (ಕಿವಿಗೆ ಕೇಳುವ ಸದ್ದಲ್ಲ, ಸಂಕೇತದಲ್ಲಿ ಬೆರೆಯುವ ಅಡಚಣೆ) ಸೇರಿದಷ್ಟೂ ಲೆಕ್ಕದಲ್ಲಿ ಹೊಂದಾಣಿಕೆ ತಗ್ಗುತ್ತದೆ. 1.5 ಟೆಸ್ಲಾದಲ್ಲಿ ಸಂಕೇತವೂ ದುರ್ಬಲ, ಆಮ್ಲಜನಕದಿಂದ ಬರುವ ವ್ಯತ್ಯಾಸವೂ ಕಡಿಮೆ.

ಹಾಗಿದ್ದರೆ 32 ಚಾನೆಲ್ ಕಾಯಿಲನ್ನೇ ಏಕೆ ಇಟ್ಟುಕೊಳ್ಳಲಿಲ್ಲ ಎಂದು ಯಾರಾದರೂ ಕೇಳಬಹುದು. ಮಿದುಳಿನ ಸಂಪರ್ಕಗಳ ನಕ್ಷೆ ತಯಾರಿಸುವ ಹೆಸರಾಂತ ಹ್ಯೂಮನ್ ಕನೆಕ್ಟೋಮ್ ಪ್ರಾಜೆಕ್ಟ್‌ನವರು ಅದನ್ನೇ ಬಳಸಿ 0.72 ಸೆಕೆಂಡಿಗೊಮ್ಮೆ ಇಡೀ ಮಿದುಳಿನ ಚಿತ್ರ ತೆಗೆದರು. ನನಗೆ ಅಡ್ಡ ಬಂದದ್ದು ತುರುಬು. ಆಳಂದ ತಾಲ್ಲೂಕಿನಿಂದ ಬಂದಿದ್ದ ಒಬ್ಬ ಅಜ್ಜಿ ಎಣ್ಣೆ ಹಚ್ಚಿ ಬಿಗಿಯಾಗಿ ತುರುಬು ಕಟ್ಟಿಕೊಂಡಿದ್ದರು. ಪಿನ್ನುಗಳನ್ನು ತೆಗೆದುಕೊಟ್ಟರು, ತುರುಬನ್ನು ಮಾತ್ರ ಬಿಚ್ಚಲು ಒಪ್ಪಲಿಲ್ಲ. "ಪರ ಗಂಡಸರ ಮುಂದ ತಲಿ ಬಿಚ್ಕೊಂಡು ಹೆಂಗ ಮಲ್ಕೊಳ್ಳಲಿ ಯಪ್ಪಾ?" ಎಂದರು. ಅವರನ್ನು ಒತ್ತಾಯಿಸುವುದು ಸರಿಯೆಂದು ನನಗೆ ಅನಿಸಲಿಲ್ಲ.

ಆ ಕಾಯಿಲ್ ತಲೆಗೆ ಶಿರಸ್ತ್ರಾಣದಂತೆ ಒತ್ತಿಕೊಂಡು ಕೂರುತ್ತದೆ. ತುರುಬು ಹಿಂದಿನಿಂದ ತಲೆಯನ್ನು ಎತ್ತಿದ್ದರಿಂದ ಅಜ್ಜಿಯ ಗದ್ದ ಎದೆಯತ್ತ ಬಾಗಿತು, ಮೂಗು ಮೇಲಿನ ಭಾಗಕ್ಕೆ ತಾಗಿತು; ತಲೆಯ ಹಿಂಭಾಗ ಕಾಯಿಲ್‌ನಿಂದ ದೂರ ಸರಿದು, ದೃಷ್ಟಿಗೆ ಸಂಬಂಧಿಸಿದ ಪ್ರದೇಶದ ಸಂಕೇತ ಕುಂದಿತು. ಇಕ್ಕೆಲಗಳಲ್ಲಿ ಸ್ಪಂಜಿನ ದಿಂಬು ತುರುಕಲು ಜಾಗ ಉಳಿಯಲಿಲ್ಲ, ಹೆಡ್‌ಫೋನ್ ಹಿಡಿಸಲಿಲ್ಲ, ಆದ್ದರಿಂದ ಕಿವಿಗೆ ಬರಿಯ ಪ್ಲಗ್ ಇಟ್ಟೆವು. "ಅಲ್ಲಾಡಬ್ಯಾಡ್ರಿ" ಎಂದು ನಾವು ಹೇಳಿದ್ದು ಅವರಿಗೆ ಕೇಳಿಸಲಿಲ್ಲ. ಕತ್ತು ನೋವಾಗಿ ಅವರು ಹತ್ತು ನಿಮಿಷವೂ ಸಣ್ಣಗೆ ತಲೆ ಆಡಿಸುತ್ತಲೇ ಇದ್ದರು. ತಲೆಯ ಕದಲಿಕೆ ಚಿತ್ರವನ್ನು ಮಸುಕು ಮಾಡಿ ಸುಮ್ಮನಾಗುವುದಿಲ್ಲ. ಹತ್ತಿರದ ಪ್ರದೇಶಗಳ ಸಂಪರ್ಕವನ್ನು ಹುಸಿಯಾಗಿ ಹೆಚ್ಚಿಸಿ, ದೂರದ ಪ್ರದೇಶಗಳ ಸಂಪರ್ಕವನ್ನು ಹುಸಿಯಾಗಿ ತಗ್ಗಿಸುತ್ತದೆ. ವಯಸ್ಸಾದವರಲ್ಲಿ ನಾನು ಹುಡುಕುತ್ತಿದ್ದ ಬದಲಾವಣೆಯೂ ಇಂಥದ್ದೇ ಆಗಿದ್ದುದರಿಂದ, ಈ ದೋಷವನ್ನು ಹಗುರವಾಗಿ ತೆಗೆದುಕೊಳ್ಳುವಂತಿರಲಿಲ್ಲ.

ಎರಡನೆಯ ಸಲ ಅದೇ ಯಂತ್ರದಲ್ಲಿ 20 ಚಾನೆಲ್ ಕಾಯಿಲ್ ಹಾಕಿಸಿದೆ. ಅದರೊಳಗೆ ಜಾಗ ಹೆಚ್ಚು. ಮಹಿಳಾ ಟೆಕ್ನಿಷಿಯನ್ ಒಬ್ಬರು ಪರದೆಯ ಹಿಂದೆ ಅಜ್ಜಿಯ ಕೂದಲನ್ನು ಸಡಿಲ ಜಡೆಯಾಗಿ ಹೆಣೆದು ಭುಜದ ಮೇಲೆ ಇಳಿಬಿಟ್ಟರು. ಮೇಲೆ ತೆಳ್ಳನೆಯ ಬಟ್ಟೆ ಹೊದಿಸಿದರು. ಹೆಡ್‌ಫೋನ್ ಕೂತಿತು, ದಿಂಬುಗಳೂ ಕೂತವು. ತಲೆ ಕದಲಲಿಲ್ಲ.

32 ಚಾನೆಲ್‌ನ ಲಾಭ ಹೆಚ್ಚಾಗಿ ಸಿಗುವುದು ಕಾಯಿಲ್‌ಗೆ ಹತ್ತಿರವಿರುವ ಮಿದುಳಿನ ಹೊರಪದರದಲ್ಲಿ. ಥಲಾಮಸ್‌ನಂಥ ಒಳಗಿನ ಭಾಗಗಳಲ್ಲಿ ಅಷ್ಟು ವ್ಯತ್ಯಾಸವಿಲ್ಲ. ಏಕಕಾಲಕ್ಕೆ ಮಿದುಳಿನ ಹಲವು ಹೋಳುಗಳ ಚಿತ್ರವನ್ನು ತೆಗೆದು ವೇಗ ಹೆಚ್ಚಿಸಿದರಂತೂ ಆ ನಡುಭಾಗದಲ್ಲೇ ಗದ್ದಲ ಹೆಚ್ಚುತ್ತದೆ. ನಾನು 2 ಸೆಕೆಂಡಿಗೊಂದು ಚಿತ್ರದಲ್ಲಿ ತೃಪ್ತನಾಗಿದ್ದೇನೆ.

ನರತಂತುಗಳ ಜಾಡು ಹಿಡಿಯುವ ಡಿಫ್ಯೂಷನ್ ಚಿತ್ರಣಕ್ಕೆ ಕಾಯಿಲ್‌ನಷ್ಟೇ ಗ್ರೇಡಿಯಂಟ್‌ನ (ಯಂತ್ರದ ಅಯಸ್ಕಾಂತ ಕ್ಷೇತ್ರವನ್ನು ಜಾಗದಿಂದ ಜಾಗಕ್ಕೆ ಬದಲಿಸುವ ಭಾಗ) ಬಲವೂ ಮುಖ್ಯ. ಅದು ಬಲವಾಗಿದ್ದರೆ ಸಂಕೇತ ಮಾಸುವ ಮೊದಲೇ ಅಳತೆ ಮುಗಿಯುತ್ತದೆ.

1.5 ಟೆಸ್ಲಾದ ಪರವಾಗಿಯೂ ಒಂದು ಮಾತು ಹೇಳಬೇಕು: ಮೂಗಿನ ಮೇಲ್ಭಾಗದ ಗಾಳಿಗೂಡುಗಳ ಬಳಿ ಚಿತ್ರ ಸೊಟ್ಟಗಾಗುವುದು ಅದರಲ್ಲಿ ಕಡಿಮೆ. 3 ಟೆಸ್ಲಾದಲ್ಲಿ ಚಿತ್ರವನ್ನು ವಿರುದ್ಧ ದಿಕ್ಕಿನಲ್ಲಿ ದಾಖಲಿಸುವ ಒಂದು ಸಣ್ಣ ಸ್ಕ್ಯಾನನ್ನು ಕೇಳಿ ತೆಗೆಸಿಕೊಂಡರೆ ಅದನ್ನು ಬಹುಮಟ್ಟಿಗೆ ಸರಿಪಡಿಸಬಹುದು. ಮೊದಲ ಸಲ ನಾನು ಅದನ್ನು ಕೇಳಿರಲಿಲ್ಲ.

ಹೈದರಾಬಾದಿನ ಯಂತ್ರದ ಬಾಡಿಗೆ ನಮ್ಮ ಊರಿನದಕ್ಕಿಂತ ದುಬಾರಿ, ಜೊತೆಗೆ ವಾಡಿ ಮೇಲೆ ಹೋಗುವ ರೈಲಿನ ಖರ್ಚು, ಹಿರಿಯರಿಗೆ ಊಟ ಮತ್ತು ತಂಗುವ ವ್ಯವಸ್ಥೆ. ಇದಕ್ಕಾಗಿ 24 ಜನರ ಬದಲು 16 ಜನರಿಗೆ ಇಳಿದಿದ್ದೇನೆ. ನಡೆಯಲು ಶಕ್ತರಾದ ರೋಗಿಗಳನ್ನಷ್ಟೇ ಆರಿಸಿಕೊಂಡಿದ್ದೇನೆ. ಮೊದಲ ತಂಡದ ಎಂಟು ಜನರಿಗೆ ಟಿಕೆಟ್ ಕಾಯ್ದಿರಿಸಿದೆ: ನಾಲ್ವರು ರೋಗಿಗಳು, ನಾಲ್ವರು ಆರೋಗ್ಯವಂತರು, ಎಲ್ಲರಿಗೂ ಅದೇ ಯಂತ್ರ, ಅದೇ 20 ಚಾನೆಲ್ ಕಾಯಿಲ್.